ಊಹೆಯನ್ನೂ ಬರೆದಿಡಿ: ಪತ್ತೇದಾರಿ, ಭಯಾನಕ, ವಿಜ್ಞಾನ ಕಥೆಗಳ ಒಂದು ವರ್ಷದ ಓದಿಗೆ ಡೈರಿ ಇಡುವ ಬಗೆ

ಓದಿನ ಡೈರಿ ಇಡಲು ಶುರುಮಾಡಿದ ಮೊದಲ ವರ್ಷ ನಾನು ಎಲ್ಲರಂತೆ ಪುಸ್ತಕದ ಹೆಸರು, ಲೇಖಕರ ಹೆಸರು, ಮುಗಿಸಿದ ತಾರೀಖು ಬರೆದು, ಐದರಲ್ಲಿ ಇಷ್ಟು ನಕ್ಷತ್ರ ಅಂತ ಹಾಕುತ್ತಿದ್ದೆ. ವರ್ಷದ ಕೊನೆಗೆ ಪಟ್ಟಿಯಲ್ಲಿ 41 ಪುಸ್ತಕ ಸೇರಿದ್ದವು. ನಾಲ್ಕು ನಕ್ಷತ್ರ ಕೊಟ್ಟಿದ್ದ ಒಂದು ಪತ್ತೇದಾರಿ ಕಾದಂಬರಿಯ ಹೆಸರಿನ ಮೇಲೆ ಬೆರಳಿಟ್ಟು ಕೂತೆ. ಸತ್ತವರು ಯಾರು, ಕೊಂದವರು ಯಾರು, ಓದುವಾಗ ನನಗೆ ಯಾರ ಮೇಲೆ ಅನುಮಾನವಿತ್ತು, ಒಂದೂ ನೆನಪಿಗೆ ಬರಲಿಲ್ಲ.

ಕಥೆ ಮರೆತದ್ದು ದೊಡ್ಡ ನಷ್ಟವಲ್ಲ, ಪುಸ್ತಕ ಕಪಾಟಿನಲ್ಲೇ ಇದೆ, ಮತ್ತೆ ಓದಬಹುದು. ಮೊದಲ ಸಲ ಓದುವಾಗ ನನ್ನ ತಲೆಯಲ್ಲಿ ನಡೆದಿದ್ದ ಓಡಾಟ ಮಾತ್ರ ಹೋಗಿಯೇ ಹೋಯಿತು. ಕೊನೆ ಗೊತ್ತಾದ ಮೇಲೆ ಗೊತ್ತಿಲ್ಲದಿದ್ದ ಹೊತ್ತಿಗೆ ವಾಪಸ್ ಹೋಗುವ ದಾರಿಯೇ ಇಲ್ಲ. ಪತ್ತೇದಾರಿ, ಥ್ರಿಲ್ಲರ್, ಭಯಾನಕ, ವಿಜ್ಞಾನ ಕಥೆ, ಫ್ಯಾಂಟಸಿ, ರೊಮ್ಯಾನ್ಸ್ ಅಂತ ಹಣೆಪಟ್ಟಿ ಹಚ್ಚಿಕೊಂಡು ಬರುವ ಪುಸ್ತಕಗಳಲ್ಲಿ ಈ ನಷ್ಟ ಇನ್ನೂ ಹೆಚ್ಚು. ಹಣೆಪಟ್ಟಿ ನೋಡಿದ ಕೂಡಲೇ ನಾವು ಏನನ್ನೋ ಕಾಯಲು ಶುರುಮಾಡುತ್ತೇವೆ, ಲೇಖಕರು ಆ ಕಾಯುವಿಕೆಯ ಜೊತೆಗೇ ಆಟ ಆಡುತ್ತಾರೆ. ಅದಕ್ಕೇ ಈಗ ನನ್ನ ಡೈರಿಯಲ್ಲಿ ಮುಖ್ಯ ಜಾಗ ಅಭಿಪ್ರಾಯಕ್ಕಲ್ಲ, ಊಹೆಗೆ. ಉಳಿದ ಹಂತಗಳನ್ನೆಲ್ಲ ನಿಮ್ಮ ಅನುಕೂಲಕ್ಕೆ ಬದಲಿಸಿಕೊಳ್ಳಿ, ಅರ್ಧದಲ್ಲಿ ನಿಂತು ಊಹೆ ಬರೆಯುವುದೊಂದನ್ನು ಮಾತ್ರ ಬಿಡಬೇಡಿ.

ಹಂತ 1: ಎಲ್ಲಿ ಬರೆಯುವುದು

ನನ್ನ ಆಯ್ಕೆ ಗೆರೆ ಹಾಕಿದ 200 ಪುಟಗಳ ನೋಟ್‌ಬುಕ್ ಮತ್ತು ಒಂದು ಪೆನ್ಸಿಲ್. ಓದುತ್ತಾ ಓದುತ್ತಾ ಊಹೆ ಬರೆಯಲು ಫೋನ್ ಕೈಗೆತ್ತಿಕೊಂಡರೆ ಕೈ ಇನ್ನೆಲ್ಲಿಗೋ ಹೋಗುತ್ತದೆ, ಹತ್ತು ನಿಮಿಷದ ನಂತರ ಕಥೆಯ ಬಿಸಿ ಆರಿರುತ್ತದೆ. ನೋಟ್‌ಬುಕ್ ಪುಸ್ತಕದ ಪಕ್ಕದಲ್ಲೇ ಬಿದ್ದಿರಲಿ.

ಒಂದು ಪುಸ್ತಕಕ್ಕೆ ಒಂದು ಹಾಳೆ ಕೊಡಿ. ಹಾಳೆಯ ಮುಂದಿನ ಮಗ್ಗುಲಲ್ಲಿ ಕೊನೆ ಗೊತ್ತಾಗುವ ಮೊದಲಿನದೆಲ್ಲ ಇರಲಿ, ಕೊನೆಯ ಬಗ್ಗೆ ಬರೆಯುವುದೆಲ್ಲ ಹಿಂದಿನ ಮಗ್ಗುಲಿಗೆ ಹೋಗಲಿ. ಈ ಸಣ್ಣ ಶಿಸ್ತಿನಿಂದ ಎರಡು ಅನುಕೂಲ. ಡೈರಿಯನ್ನು ಸ್ನೇಹಿತರಿಗೆ ತೋರಿಸುವಾಗ ಅವರ ಓದಿನ ಸುಖ ಕೆಡುವುದಿಲ್ಲ. ಎರಡು ವರ್ಷ ಬಿಟ್ಟು ನೀವೇ ಆ ಪುಸ್ತಕವನ್ನು ಮತ್ತೆ ಓದಬೇಕೆಂದಾಗ, ಕೊನೆ ಮರೆತಿದ್ದರೆ ಮರೆತಂತೆಯೇ ಉಳಿಯುತ್ತದೆ. ವರ್ಷಕ್ಕೆ 40 ಪುಸ್ತಕ ಓದಿದರೂ 80 ಪುಟ ಸಾಕು. ಮಿಕ್ಕಿದ್ದು ಸರಣಿಗಳಿಗೆ, ಸೂಚಿಗೆ (ಯಾವ ವಿಷಯ ಯಾವ ಪುಟದಲ್ಲಿದೆ ಎಂಬ ಪಟ್ಟಿ), ತಿಂಗಳ ಲೆಕ್ಕಕ್ಕೆ. ಮೊದಲ ದಿನವೇ ಎಲ್ಲ ಪುಟಕ್ಕೂ ಸಂಖ್ಯೆ ಹಾಕಿಬಿಡಿ, ಬೇಸರದ ಕೆಲಸವಾದರೂ ಸೂಚಿ ಮಾಡುವಾಗ ಅದೇ ಕೈಹಿಡಿಯುತ್ತದೆ.

ಕಂಪ್ಯೂಟರಿನಲ್ಲೇ ಬರೆಯುತ್ತೇನೆ ಎನ್ನುವವರು ಸ್ಪ್ರೆಡ್‌ಶೀಟ್ ಬಳಸಬಹುದು. ತಾರೀಖನ್ನು ವರ್ಷ-ತಿಂಗಳು-ದಿನ ಎಂಬ ಕ್ರಮದಲ್ಲಿ ಬರೆಯಿರಿ, ಆಗ ಅಕ್ಷರಕ್ರಮದಲ್ಲಿ ಜೋಡಿಸಿದರೂ ಕಾಲಕ್ರಮ ಕೆಡುವುದಿಲ್ಲ. ಕೊನೆಗೆ ಸಂಬಂಧಿಸಿದ್ದನ್ನು ಬೇರೆ ಶೀಟಿನಲ್ಲಿ ಇಡಿ.

ಆ್ಯಪ್‌ಗಳೂ ಇವೆ. ಲೈಬ್ರರಿಥಿಂಗ್ 2005ರಲ್ಲಿ ಬಂತು. 2007ರಲ್ಲಿ ಶುರುವಾದ ಗುಡ್‌ರೀಡ್ಸ್ ಅನ್ನು 2013ರಲ್ಲಿ ಅಮೆಜಾನ್ ಕೊಂಡುಕೊಂಡಿತು. ಪುಸ್ತಕಗಳ ಎಣಿಕೆಗೆ, ಸರಣಿಯ ಕ್ರಮ ನೋಡಲು ಇವು ಬಲು ಅನುಕೂಲ. ಆದರೆ ಆ್ಯಪ್ ಇನ್ನೊಬ್ಬರ ಮನೆ. ಶೆಲ್ಫಾರಿ ಎಂಬ ಇಂಥದೇ ತಾಣ 2016ರಲ್ಲಿ ಬಾಗಿಲು ಹಾಕಿತು. ನಿಮ್ಮ ಆ್ಯಪ್‌ನಲ್ಲಿ ಸಿಎಸ್‌ವಿ ಫೈಲ್ (ಸ್ಪ್ರೆಡ್‌ಶೀಟಿನಲ್ಲಿ ತೆರೆಯಬಹುದಾದ ಪಟ್ಟಿ) ಇಳಿಸಿಕೊಳ್ಳುವ ಸೌಲಭ್ಯ ಇದೆಯೇ ನೋಡಿ, ಇದ್ದರೆ ತಿಂಗಳಿಗೊಮ್ಮೆ ಇಳಿಸಿಕೊಳ್ಳಿ. ಊಹೆಗಳನ್ನು ಮಾತ್ರ ನಿಮ್ಮ ನೋಟ್‌ಬುಕ್‌ನಲ್ಲೇ ಬರೆಯಿರಿ.

ಹಂತ 2: ವರ್ಷಕ್ಕೆ ಎಷ್ಟು, ಯಾವುದು

"ಈ ವರ್ಷ 50 ಪುಸ್ತಕ" ಅಂತ ಗುರಿ ಹಾಕಿಕೊಂಡವರು ತೆಳ್ಳನೆಯ ಪುಸ್ತಕ ಹುಡುಕಲು ಶುರುಮಾಡುತ್ತಾರೆ. ಅದರ ಬದಲು ನಿಮ್ಮ ಓದಿನ ವೇಗವನ್ನು ಅಳೆಯಿರಿ. ಮೂರು ಬೇರೆ ಬೇರೆ ಪುಸ್ತಕಗಳನ್ನು ಅರ್ಧರ್ಧ ಗಂಟೆ ಓದಿ, ಪುಟ ಎಣಿಸಿ, ಸರಾಸರಿ ತೆಗೆಯಿರಿ. ಅರ್ಧ ಗಂಟೆಗೆ 18 ಪುಟ ಎಂದುಕೊಳ್ಳೋಣ. ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನ ಓದಿದರೆ 90 ಪುಟ, 52 ವಾರಕ್ಕೆ 4,680 ಪುಟ. 300 ಪುಟಗಳ ಕಾದಂಬರಿಯ ಲೆಕ್ಕದಲ್ಲಿ 15 ಪುಸ್ತಕ ಆರಾಮವಾಗಿ ಮುಗಿಯುತ್ತವೆ. ಇದು ನಿಮ್ಮ ವರ್ಷದ ಅಳತೆ.

ಈ 15ರಲ್ಲಿ ಎಂಟನ್ನಾದರೂ ಒಂದೇ ಪ್ರಕಾರಕ್ಕೆ ಕೊಡಿ. ಒಂದು ಪತ್ತೇದಾರಿ, ಒಂದು ಫ್ಯಾಂಟಸಿ, ಒಂದು ರೊಮ್ಯಾನ್ಸ್ ಅಂತ ಹೊಲದ ತುಂಬ ಒಂದೊಂದು ಕಾಳು ಚೆಲ್ಲಿದರೆ ಯಾವುದರಲ್ಲೂ ನಿರೀಕ್ಷೆ ಬೇರೂರುವುದಿಲ್ಲ. ನಾಲ್ಕನೇ ಪತ್ತೇದಾರಿ ಕಾದಂಬರಿಗೆ ಬರುವ ಹೊತ್ತಿಗೆ "ಇಷ್ಟು ಬೇಗ ಒಬ್ಬನ ಮೇಲೆ ಅನುಮಾನ ಬರುವಂತೆ ಮಾಡಿದ್ದಾರೆ ಅಂದರೆ ಅವನಂತೂ ಅಲ್ಲ" ಎಂದು ಮನಸ್ಸು ತಾನಾಗಿ ಹೇಳತೊಡಗುತ್ತದೆ. ಆ ಧ್ವನಿ ಕೇಳಲು ಶುರುವಾದಾಗಲೇ ಡೈರಿಗೆ ಜೀವ ಬರುವುದು. ಮಿಕ್ಕಿದ್ದರಲ್ಲಿ ನಾಲ್ಕು ನೆರೆಯ ಪ್ರಕಾರಕ್ಕೆ, ಮೂರು ನೀವು ಈವರೆಗೆ ಮುಟ್ಟದ ಪ್ರಕಾರಕ್ಕೆ ಇರಲಿ.

ಬಿಡಿ ಕಥೆ, ಕಿರುಕಾದಂಬರಿಗಳನ್ನು ಎಣಿಸುವುದು ಹೇಗೆ ಎಂಬ ಗೊಂದಲ ಬಂದೇ ಬರುತ್ತದೆ. ವಿಜ್ಞಾನ ಕಥೆ ಮತ್ತು ಫ್ಯಾಂಟಸಿಗೆ ಕೊಡುವ ಹ್ಯೂಗೋ ಪ್ರಶಸ್ತಿಯ ವಿಂಗಡಣೆ ಇಲ್ಲಿ ನೆರವಾಗುತ್ತದೆ. ಅದರಲ್ಲಿ 7,500 ಪದಕ್ಕಿಂತ ಕಡಿಮೆ ಇದ್ದರೆ ಸಣ್ಣಕಥೆ, 17,500ರವರೆಗೆ ನೀಳ್ಗತೆ, 40,000ದವರೆಗೆ ಕಿರುಕಾದಂಬರಿ, ಅದರಾಚೆ ಕಾದಂಬರಿ. ಇಂಗ್ಲಿಷ್ ಪದಗಳ ಲೆಕ್ಕ ಬೇರೆ ಭಾಷೆಗೆ ಹಾಗೇ ಕೂರುವುದಿಲ್ಲ, ಆದರೂ ಕಿರುಕಾದಂಬರಿಯನ್ನೂ ದಪ್ಪ ಕಾದಂಬರಿಯನ್ನೂ ಒಂದೇ ಸಾಲಿನಲ್ಲಿ ಎಣಿಸಬಾರದು ಎಂಬಷ್ಟು ಎಚ್ಚರ ಕೊಡುತ್ತದೆ.

ಹಂತ 3: ಪುಸ್ತಕ ತೆರೆಯುವ ಮೊದಲು

ಹಾಳೆಯ ತಲೆಯಲ್ಲಿ ಹೆಸರು, ಲೇಖಕರು, ಅನುವಾದವಾಗಿದ್ದರೆ ಅನುವಾದಕರು, ಮೊದಲು ಪ್ರಕಟವಾದ ವರ್ಷ, ನಿಮ್ಮ ಪ್ರತಿಯ ಮೇಲಿನ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಬರೆಯಿರಿ. ಐಎಸ್‌ಬಿಎನ್ ಯಾಕೆಂದರೆ ನೀವು ಬರೆಯಲಿರುವ ಪುಟಸಂಖ್ಯೆಗಳು ಆ ಮುದ್ರಣಕ್ಕೆ ಮಾತ್ರ ಹೊಂದುತ್ತವೆ. 2007ರಿಂದ ಈಚಿನವಕ್ಕೆ 13 ಅಂಕಿ, ಹಿಂದಿನವಕ್ಕೆ 10 ಅಂಕಿ ಇರುತ್ತದೆ. ಇ-ಪುಸ್ತಕವಾದರೆ ಪುಟದ ಬದಲು ಅಧ್ಯಾಯ ಮತ್ತು ಶೇಕಡಾವಾರು, ಕೇಳುವ ಪುಸ್ತಕವಾದರೆ ಗಂಟೆ-ನಿಮಿಷ.

ಮೊದಲ ಪ್ರಕಟಣೆಯ ವರ್ಷವನ್ನು ದಯವಿಟ್ಟು ಬಿಡಬೇಡಿ. ಬೆರಳಚ್ಚಿನ ಆಧಾರದಿಂದ ಕೊಲೆಗಾರರನ್ನು ಗುರುತಿಸಿದ ಮೊದಲ ಪ್ರಕರಣ ಎಂದು ಹೆಸರಾಗಿರುವುದು ಅರ್ಜೆಂಟೀನಾದ್ದು, 1892ರದು. ಕೊಲೆ ತನಿಖೆಗೆ ಡಿಎನ್‌ಎ ಪರೀಕ್ಷೆ ಬಂದದ್ದು 1986ರಲ್ಲಿ. 1930ರ ಕಾದಂಬರಿಯ ಪತ್ತೇದಾರ ಕೂದಲೆಳೆ ಸಿಕ್ಕಿಯೂ ಸುಮ್ಮನಿದ್ದರೆ ಅದು ಅವನ ದಡ್ಡತನವಲ್ಲ. ಹಾಗೆಯೇ 1965ರಲ್ಲಿ ಮ್ಯಾರಿನರ್ 4 ಗಗನನೌಕೆ ಹತ್ತಿರದಿಂದ ಚಿತ್ರ ತೆಗೆದು ಕುಳಿಗಳನ್ನು ತೋರಿಸುವವರೆಗೆ ಮಂಗಳದಲ್ಲಿ ಗಿಡಗಂಟಿ ಇರಬಹುದೆಂಬ ಆಸೆ ಪೂರ್ತಿ ಆರಿರಲಿಲ್ಲ. ಹಳೆಯ ಮಂಗಳದ ಕಥೆಯೊಂದಕ್ಕೆ ನಾನು "ವಿಜ್ಞಾನ ತಪ್ಪು" ಎಂದು ಬರೆದಿದ್ದೆ. ವರ್ಷ ನೋಡಿದ ಮೇಲೆ ಅದನ್ನು ಹೊಡೆದುಹಾಕಿ "ಅಂದಿನ ಮಂಗಳ" ಎಂದು ತಿದ್ದಿದೆ.

ಕೊನೆಗೆ ಒಂದೇ ವಾಕ್ಯದಲ್ಲಿ ನಿರೀಕ್ಷೆ ಬರೆಯಿರಿ. ಮುಖಪುಟ, ಬೆನ್ನುಡಿ, ಯಾರೋ ಹೇಳಿದ ಮಾತು, ಇಷ್ಟರಿಂದ ಈ ಪುಸ್ತಕ ಏನು ಕೊಡುತ್ತದೆ ಅನ್ನಿಸುತ್ತಿದೆ? "ಒಂಟಿ ಮನೆ, ಹಿಂದಿನವರ ಪಾಪ, ದೆವ್ವ ನಿಜವೋ ಸುಳ್ಳೋ ಕೊನೆಗೂ ಹೇಳಲಾರರು" ಎಂಬಷ್ಟು ಸಾಕು.

ಹಂತ 4: ಅರ್ಧದಲ್ಲಿ ನಿಂತು ಬರೆಯುವುದು

ಪುಸ್ತಕದ ಮೂರನೇ ಒಂದು ಭಾಗದಲ್ಲಿ ಒಮ್ಮೆ, ಮೂರನೇ ಎರಡು ಭಾಗದಲ್ಲಿ ಒಮ್ಮೆ ನಿಲ್ಲಿ. 300 ಪುಟದ ಪುಸ್ತಕವಾದರೆ 100ನೇ ಪುಟದ ಸುತ್ತಮುತ್ತ, ಮತ್ತೆ 200ರ ಸುತ್ತಮುತ್ತ. ಅಧ್ಯಾಯ ಮುಗಿಯುವ ಜಾಗ ನೋಡಿಕೊಂಡು ಮೊದಲೇ ಅಲ್ಲೊಂದು ಚೀಟಿ ಸಿಕ್ಕಿಸಿಡಿ, ಇಲ್ಲದಿದ್ದರೆ ಕಥೆ ನಿಮ್ಮನ್ನು ಎಳೆದುಕೊಂಡು ಹೋಗಿಬಿಡುತ್ತದೆ. ಎರಡಕ್ಕಿಂತ ಹೆಚ್ಚು ಸಲ ನಿಲ್ಲಬೇಡಿ, ಪ್ರತಿ ಅಧ್ಯಾಯಕ್ಕೂ ನಿಂತರೆ ಓದು ಪರೀಕ್ಷೆಯ ತಯಾರಿಯಾಗುತ್ತದೆ.

ನಿಂತಾಗ ಐದೇ ಸಾಲು. ಏನಾಗುತ್ತದೆ ಅನ್ನಿಸುತ್ತಿದೆ, ಯಾವ ಆಧಾರದ ಮೇಲೆ, ಆಧಾರ ಯಾವ ಪುಟದಲ್ಲಿದೆ, ಹತ್ತರಲ್ಲಿ ಎಷ್ಟು ನಂಬಿಕೆ, ಯಾವುದು ಅರ್ಥವಾಗದೆ ಕಾಡುತ್ತಿದೆ. ನನ್ನ ಡೈರಿಯಿಂದ ಒಂದು ನಮೂದು ಇಲ್ಲಿದೆ. ಕೊನೆ ಬಯಲಾಗುವ ಕಾರಣ ಪುಸ್ತಕದ ಹೆಸರು ಹೇಳುತ್ತಿಲ್ಲ:

"ಪುಟ 104. ತೋಟಗಾರನ ಮೇಲೆ ಅನುಮಾನ. ಮಳೆ ಬಂದ ರಾತ್ರಿ ಹತ್ತಕ್ಕೆ ಗೇಟು ಹಾಕಲು ಹೋಗಿದ್ದೆ ಅನ್ನುತ್ತಾನೆ, ಆದರೆ ಪು. 61ರಲ್ಲಿ ಅವನ ಬೂಟು ಒಣಗಿಯೇ ಇದೆ. ಸುಳ್ಳು ಹೇಳುತ್ತಿದ್ದಾನೆ. ನಂಬಿಕೆ 7/10. ಕಾಡುವುದು: ಅಡುಗೆಯವಳು ಗಡಿಯಾರದ ಬಗ್ಗೆ ಯಾಕೆ ಗೊಣಗಿದಳು?"

ಎರಡನೇ ನಿಲುಗಡೆ:

"ಪುಟ 211. ಈಗಲೂ ತೋಟಗಾರನೇ, 6/10. ಅಣ್ಣನ ಮೇಲೂ ಸ್ವಲ್ಪ. ಗಡಿಯಾರದ ಮಾತು ಮತ್ತೆ ಬಂತು, ಯಾಕೋ ಗೊತ್ತಿಲ್ಲ."

ಹಿಂದಿನ ಮಗ್ಗುಲಲ್ಲಿ:

"ತೋಟಗಾರ ಸುಳ್ಳು ಹೇಳಿರಲಿಲ್ಲ. ಅವನು ಗೇಟು ಹಾಕಿದ್ದು ಮಳೆಗೆ ಮೊದಲು. ಗಡಿಯಾರವನ್ನು ಯಾರೋ ಮುಂದಕ್ಕೆ ತಿರುಗಿಸಿದ್ದರು, ಮನೆಯವರೆಲ್ಲರ 'ಹತ್ತು ಗಂಟೆ'ಯೇ ತಪ್ಪು. ಸುಳಿವು ನನ್ನ ಕಣ್ಣಿಗೆ ಬಿದ್ದಿತ್ತು, ಅದನ್ನು ಮನುಷ್ಯನ ತಲೆಗೆ ಕಟ್ಟಿದೆ. ಅದು ಹೊತ್ತಿನ ಸುಳಿವು."

ಆ ವರ್ಷ ಇಂಥದೇ ತಪ್ಪನ್ನು ಇನ್ನೂ ಮೂರು ಪುಸ್ತಕಗಳಲ್ಲಿ ಮಾಡಿದ್ದೆ. ಹೇಳಿಕೆಗೂ ವಸ್ತುವಿಗೂ ಹೊಂದದಿದ್ದಾಗ ನಾನು ತಕ್ಷಣ ಹೇಳಿದವನನ್ನೇ ಸುಳ್ಳುಗಾರ ಮಾಡುತ್ತೇನೆ, ಹೊತ್ತನ್ನೋ ಜಾಗವನ್ನೋ ಪ್ರಶ್ನಿಸುವುದಿಲ್ಲ. ನಕ್ಷತ್ರದ ಪಟ್ಟಿಯಿಂದ ಇದು ಎಂದಿಗೂ ಗೊತ್ತಾಗುತ್ತಿರಲಿಲ್ಲ.

"ಊಹೆ ಹೇಗಿದ್ದರೂ ನೆನಪಿರುತ್ತದೆ, ಮುಗಿದ ಮೇಲೆ ಬರೆದರಾಯಿತು" ಎಂದು ಹಲವರು ಹೇಳುತ್ತಾರೆ. ನೆನಪಿರುವುದಿಲ್ಲ, ಅಷ್ಟೇ ಅಲ್ಲ, ನೆನಪು ತಿದ್ದಿಕೊಳ್ಳುತ್ತದೆ. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾಕ್ಕೂ ಸೋವಿಯತ್ ಒಕ್ಕೂಟಕ್ಕೂ ಹೋಗುವ ಮೊದಲು, ಅಲ್ಲಿ ಏನೇನು ನಡೆಯಬಹುದು, ಎಷ್ಟು ಸಂಭವ ಎಂದು ಒಂದಷ್ಟು ವಿದ್ಯಾರ್ಥಿಗಳಿಂದ ಬರೆಸಿಕೊಂಡಿದ್ದರು. ಪ್ರವಾಸ ಮುಗಿದ ಮೇಲೆ, ನೀವು ಆಗ ಏನು ಬರೆದಿದ್ದಿರಿ ನೆನಪಿಸಿಕೊಳ್ಳಿ ಎಂದಾಗ, ನಿಜವಾಗಿ ನಡೆದ ಘಟನೆಗಳಿಗೆ ತಾವು ಬರೆದಿದ್ದಕ್ಕಿಂತ ಹೆಚ್ಚು ಅಂಕ ಕೊಟ್ಟಿದ್ದೆವು ಎಂದು ಅವರಲ್ಲಿ ಹೆಚ್ಚಿನವರು ನಂಬಿದ್ದರು. ಮನಶ್ಶಾಸ್ತ್ರಜ್ಞರಾದ ಬರೂಕ್ ಫಿಷ್‌ಹಾಫ್ ಮತ್ತು ರೂತ್ ಬೇಯ್ತ್ ಇದನ್ನು 1975ರಲ್ಲಿ ಪ್ರಕಟಿಸಿದರು. "ನನಗೆ ಮೊದಲೇ ಅನುಮಾನವಿತ್ತು" ಎಂಬ ಓದುಗರ ಮಾತು ಇದೇ ಜಾತಿಯದು. ಪೆನ್ಸಿಲ್ಲಿನಲ್ಲಿ ಬರೆದ 7/10 ಮಾತ್ರ ಬದಲಾಗದೆ ಕೂತಿರುತ್ತದೆ.

ಊಹೆ ತಪ್ಪಿದಾಗ ಬೇಸರ ಬೇಡ. ಊಹೆ ತಪ್ಪಿದ ಪುಸ್ತಕಗಳ ಹಾಳೆಗಳೇ ಮುಂದೆ ಹೆಚ್ಚು ಓದಿಸಿಕೊಳ್ಳುತ್ತವೆ.

ಹಂತ 5: ಪ್ರಕಾರಕ್ಕೆ ತಕ್ಕ ಪ್ರಶ್ನೆ

ಎಲ್ಲ ಪುಸ್ತಕಕ್ಕೂ ಒಂದೇ ಫಾರ್ಮ್ ತುಂಬಿಸಲು ಹೊರಟರೆ ಎರಡನೇ ತಿಂಗಳಿಗೇ ಸಾಕಾಗುತ್ತದೆ. ಪ್ರತಿ ಪ್ರಕಾರಕ್ಕೂ ಅದರದೇ ಒಂದು ಪ್ರಶ್ನೆ ಇದೆ.

ಪತ್ತೇದಾರಿ ಕಾದಂಬರಿಯಲ್ಲಿ ಎರಡು ಕಥೆ ಇರುತ್ತವೆ ಎಂದು ವಿಮರ್ಶಕ ತ್ಸ್ವೆಟಾನ್ ಟೊಡೊರೊವ್ 1966ರಲ್ಲಿ ಬರೆದರು: ಅಪರಾಧದ ಕಥೆ, ತನಿಖೆಯ ಕಥೆ. ಮೊದಲನೆಯದು ಪುಸ್ತಕ ಶುರುವಾಗುವ ಮೊದಲೇ ಮುಗಿದಿರುತ್ತದೆ. ಹಾಳೆಯಲ್ಲಿ ಒಂದು ಉದ್ದ ಗೆರೆ ಎಳೆದು, ಎಡಕ್ಕೆ ನಮಗೆ ಗೊತ್ತಾದ ಕ್ರಮ, ಬಲಕ್ಕೆ ನಿಜವಾಗಿ ನಡೆದಿರಬಹುದಾದ ಕ್ರಮ ಬರೆಯಿರಿ. ಬಲಗಡೆ ಖಾಲಿ ಉಳಿಯುವ ಹೊತ್ತುಗಳಲ್ಲೇ ಗುಟ್ಟು ಇರುತ್ತದೆ. ನನ್ನ ಗಡಿಯಾರದ ಪುಸ್ತಕದಲ್ಲಿ ಹೀಗೆ ಮಾಡಿದ್ದರೆ ಒಂಬತ್ತೂವರೆಯಿಂದ ಹತ್ತರವರೆಗೆ ಯಾರೂ ಏನೂ ಮಾಡಿಲ್ಲ ಎಂಬುದು ಕಣ್ಣಿಗೆ ಹೊಡೆಯುತ್ತಿತ್ತು.

ಲೇಖಕರು ಮೋಸ ಮಾಡಿದರೇ ಇಲ್ಲವೇ ಎಂಬುದನ್ನೂ ಬರೆಯಬೇಕು. ಪಾದ್ರಿಯೂ ಪತ್ತೇದಾರಿ ಲೇಖಕರೂ ಆಗಿದ್ದ ರೊನಾಲ್ಡ್ ನಾಕ್ಸ್ 1929ರಲ್ಲಿ ಈ ಆಟಕ್ಕೆ ಹತ್ತು ನಿಯಮ ಬರೆದಿದ್ದರು. ಅದರಲ್ಲಿ ಮೂರು ಇಂದಿಗೂ ಒಳ್ಳೆಯ ತಕ್ಕಡಿ: ಅಪರಾಧಿಯ ಪ್ರಸ್ತಾಪ ಕಥೆಯ ಆರಂಭದಲ್ಲೇ ಬಂದಿರಬೇಕು, ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗರಿಗೂ ಸಿಗಬೇಕು, ಅವಳಿಗಳನ್ನು ತರುವುದಾದರೆ ಮೊದಲೇ ಸಿದ್ಧಮಾಡಿರಬೇಕು. ಕೆಲವು ಒಳ್ಳೆಯ ಪುಸ್ತಕಗಳು ಬೇಕೆಂದೇ ಇವನ್ನು ಮುರಿಯುತ್ತವೆ. ಮುರಿದದ್ದಕ್ಕೆ ಸಿಟ್ಟು ಬಂತೋ, ಖುಷಿಯಾಯಿತೋ, ಅದನ್ನೂ ಬರೆಯಿರಿ.

ವಿಜ್ಞಾನ ಕಥೆಗೆ ಪ್ರಶ್ನೆ ಒಂದೇ: ಈ ಲೋಕದಲ್ಲಿ ಹೊಸದು ಯಾವುದು? ವಿಮರ್ಶಕ ಡಾರ್ಕೊ ಸುವಿನ್ ಇದನ್ನು 'ನೋವಮ್' ಎಂದು ಕರೆದರು. ನಮ್ಮ ಲೋಕದಲ್ಲಿಲ್ಲದ, ಆದರೆ ತರ್ಕಕ್ಕೆ ಕೂರುವ ಒಂದು ಹೊಸತು, ಉಳಿದದ್ದೆಲ್ಲ ಅದರಿಂದ ಹುಟ್ಟುತ್ತದೆ. "ಯಾರೂ ನಿದ್ದೆ ಮಾಡುವುದಿಲ್ಲ" ಎಂದು ಒಂದು ಸಾಲು ಬರೆದು ಅದರ ಕೆಳಗೆ ಆ ಒಂದರಿಂದ ಏನೇನು ಬದಲಾಗಬೇಕು ಎಂದು ನೀವೇ ನಾಲ್ಕು ಸಾಲು ಬರೆಯಿರಿ: ಮನೆಗಳಲ್ಲಿ ಮಲಗುವ ಕೋಣೆ ಇರಲಾರದು, ಕೆಲಸದ ಪಾಳಿ ಮುಗಿಯುವುದೇ ಇಲ್ಲ, ಕನಸು ಎಂಬ ಪದ ಮಕ್ಕಳಿಗೆ ಅರ್ಥವಾಗದು. ಆಮೇಲೆ ಲೇಖಕರು ಯಾವುದನ್ನು ಯೋಚಿಸಿದ್ದಾರೆ, ಯಾವುದನ್ನು ಮರೆತಿದ್ದಾರೆ ನೋಡಿ. ನಿಮಗೆ ಹೊಳೆಯದಿದ್ದ ಐದನೆಯದನ್ನು ಅವರು ತೋರಿಸಿದಾಗ ಆಗುವ ಸಂತೋಷವೇ ಬೇರೆ.

ಫ್ಯಾಂಟಸಿಯಲ್ಲಿ ಮೊದಲ ತೊಂದರೆ ಹೆಸರುಗಳದ್ದು. ಹಾಳೆಯ ಅಂಚಿನಲ್ಲಿ ಹೆಸರು, ಊರು, ಯಾರ ಕಡೆಯವರು, ಇಷ್ಟನ್ನು ಬರುಬರುತ್ತಾ ಬರೆದುಕೊಳ್ಳಿ. ಪುಸ್ತಕದ ಹಿಂದೆ ಪಾತ್ರಗಳ ಪಟ್ಟಿ ಇದ್ದರೂ ಅದನ್ನು ನಂಬಿಕೊಳ್ಳಬೇಡಿ, "ಇಂಥವನ ಮಗ" ಎಂಬ ಗುಟ್ಟು ಅದರಲ್ಲೇ ಒಡೆದಿರುತ್ತದೆ. ಎರಡನೆಯದು ಮಂತ್ರಶಕ್ತಿಯ ನಿಯಮ: ಏನು ಮಾಡಬಹುದು, ಏನು ಮಾಡಲಾಗದು, ಮಾಡಿದರೆ ಯಾವ ಬೆಲೆ ತೆರಬೇಕು. ಕೊನೆಯ ಯುದ್ಧದಲ್ಲಿ ಹಿಂದೆಂದೂ ಕೇಳದ ಶಕ್ತಿಯೊಂದು ಥಟ್ಟನೆ ಬಂದು ಕಾಪಾಡಿದರೆ ಈ ಪಟ್ಟಿಯೇ ಅದನ್ನು ಹಿಡಿದುಕೊಡುತ್ತದೆ.

ಭಯಾನಕ ಕಥೆಗೆ ಮಾತ್ರ ನಾನು ಓದಿನ ಸಂದರ್ಭವನ್ನೂ ಬರೆಯುತ್ತೇನೆ: ಎಷ್ಟು ಹೊತ್ತಿಗೆ, ಒಬ್ಬನೇ ಇದ್ದೆನೋ, ಎಷ್ಟು ಸಲ ಬಿಟ್ಟು ಬಿಟ್ಟು ಓದಿದೆ. ಒಂದೇ ಸಲ ಕೂತು ಓದಿ ಮುಗಿಸದ ಬರಹದ ಪರಿಣಾಮ ಒಡೆಯುತ್ತದೆ ಎಂದು ಕಥೆಗಾರ ಎಡ್ಗರ್ ಅಲನ್ ಪೋ 1840ರ ದಶಕದಲ್ಲೇ ವಾದಿಸಿದ್ದರು. ನಾಲ್ಕು ದಿನ ತುಂಡು ತುಂಡಾಗಿ ಓದಿದ ದೆವ್ವದ ಕಥೆಗೆ "ಹೆದರಿಕೆಯೇ ಆಗಲಿಲ್ಲ" ಎಂದು ಬರೆಯುವ ಮೊದಲು ತಪ್ಪು ಕಥೆಯದೋ ಓದಿದ ರೀತಿಯದೋ ನೋಡಬೇಕು. ಇನ್ನೊಂದು ಗುರುತು: ಕಾಣದ್ದಕ್ಕೆ ಹೆದರಿದಿರೋ, ಕಂಡದ್ದಕ್ಕೋ? ಮೊದಲನೆಯದು ಮನಸ್ಸನ್ನು ಹಿಗ್ಗಿಸುತ್ತದೆ, ಎರಡನೆಯದು ಕುಗ್ಗಿಸಿ ಹೆಪ್ಪುಗಟ್ಟಿಸುತ್ತದೆ ಎಂಬ ಅರ್ಥದ ಮಾತನ್ನು ಹಳೆಯ ಭಯಾನಕ ಕಾದಂಬರಿಗಳ ಲೇಖಕಿ ಆನ್ ರ‍್ಯಾಡ್‌ಕ್ಲಿಫ್ ಬರೆದಿಟ್ಟಿದ್ದರು. ಅವರು ತೀರಿಕೊಂಡ ಮೇಲೆ 1826ರಲ್ಲಿ ಆ ಪ್ರಬಂಧ ಅಚ್ಚಾಯಿತು. ಹೆದರಿಸುವ ವಸ್ತು ಮೊದಲ ಸಲ ಪೂರ್ತಿಯಾಗಿ ಕಾಣಿಸಿದ ಪುಟಸಂಖ್ಯೆಯನ್ನು ಬರೆಯಿರಿ. ಹತ್ತು ಪುಸ್ತಕಗಳ ನಂತರ ಆ ಸಂಖ್ಯೆಗಳನ್ನು ಜೊತೆಗಿಟ್ಟು ನೋಡಿದರೆ ನಿಮಗೆ ಯಾವ ಬಗೆಯ ಭಯ ಇಷ್ಟ ಎಂಬುದು ತಿಳಿಯುತ್ತದೆ.

ರೊಮ್ಯಾನ್ಸ್‌ನಲ್ಲಿ ಇಬ್ಬರೂ ಸೇರುತ್ತಾರೆಂದು ಗೊತ್ತಿದ್ದೇ ಓದುವುದು. ಅಲ್ಲಿ ಊಹೆ ಕಟ್ಟಬೇಕಾದದ್ದು ಅಡ್ಡಿಯ ಮೇಲೆ: ಇವರನ್ನು ದೂರ ಇಟ್ಟಿರುವುದು ಏನು, ಅದು ಹೊರಗಿನದೋ ಮನಸ್ಸಿನದೋ, ಯಾರು ಬದಲಾದರೆ ಕರಗುತ್ತದೆ? ಒಂದು ಮಾತು ಆಡಿದ್ದರೆ ಮುಗಿಯುತ್ತಿದ್ದ ತಪ್ಪುಗ್ರಹಿಕೆಯನ್ನು 200 ಪುಟ ಎಳೆದಿದ್ದರೆ ಖಂಡಿತ ಬರೆದಿಡಿ.

ಥ್ರಿಲ್ಲರ್‌ಗೆ ಒಂದೇ ಕಾಲಂ ಸಾಕು: ಈ ಕ್ಷಣದಲ್ಲಿ ನಾಯಕನಿಗೆ ಗೊತ್ತಿಲ್ಲದ್ದು ನನಗೇನು ಗೊತ್ತು?

ಹಂತ 6: ಮುಗಿದ ದಿನ, ಮತ್ತೆ ಒಂದು ತಿಂಗಳಿಗೆ

ಮುಗಿಸಿದ ದಿನವೇ ಹಿಂದಿನ ಮಗ್ಗುಲು ಬರೆಯಿರಿ. 1885ರಲ್ಲಿ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು, ಕಲಿತದ್ದರಲ್ಲಿ ಬಹುಪಾಲು ಮೊದಲ ಗಂಟೆಗಳಲ್ಲೇ ಜಾರಿಹೋಗುತ್ತದೆ, ಆಮೇಲೆ ಮರೆವಿನ ವೇಗ ತಗ್ಗುತ್ತದೆ ಎಂದು ತೋರಿಸಿದ್ದರು. ಅವರು ಬಳಸಿದ್ದು ಅರ್ಥವಿಲ್ಲದ ಉಚ್ಚಾರಗಳನ್ನು, ಕಥೆ ಅಷ್ಟು ಬೇಗ ಜಾರುವುದಿಲ್ಲ. ಆದರೆ ಕಥೆಯೊಳಗಿನ ಸಣ್ಣ ವಿವರಗಳು, ಅಂದರೆ ಒಣಗಿದ ಬೂಟು, ಗಡಿಯಾರದ ಗೊಣಗು, ನಿಜಕ್ಕೂ ಬೇಗ ಹೋಗುತ್ತವೆ.

ಕಥಾಸಾರ ಬೇಡ, ಅದು ಎಲ್ಲೆಡೆ ಸಿಗುತ್ತದೆ. ಊಹೆ ಎಲ್ಲಿ ಸರಿಯಾಯಿತು, ಎಲ್ಲಿ ತಪ್ಪಿತು, ತಪ್ಪಿಸಿದ ಜಾಗ ಯಾವುದು, ಇಷ್ಟು ಬರೆದು, ಕೊನೆಗೆ ನಿಮಗೆ ಹಿಡಿಸಿದ ಒಂದು ವಾಕ್ಯವನ್ನು ಪುಟಸಂಖ್ಯೆಯ ಸಮೇತ ನಕಲು ಮಾಡಿ.

ನಕ್ಷತ್ರ ಕೊಡಬೇಕೆನಿಸಿದರೆ ಕೊಡಿ, ಎರಡು ಸಲ ಕೊಡಿ. ಮುಗಿದ ದಿನ ಒಮ್ಮೆ, 30 ದಿನಗಳ ನಂತರ ಹಳೆಯದನ್ನು ಕೈಯಲ್ಲಿ ಮುಚ್ಚಿಕೊಂಡು ಇನ್ನೊಮ್ಮೆ. ಕೊನೆಯ ತಿರುವಿನ ಅಬ್ಬರದಲ್ಲಿ ಐದು ಪಡೆದದ್ದು ತಿಂಗಳಾದ ಮೇಲೆ ಮೂರಕ್ಕೆ ಇಳಿಯುವುದನ್ನೂ, ಸಪ್ಪೆ ಎಂದು ಮೂರು ಪಡೆದದ್ದು ಸದ್ದಿಲ್ಲದೆ ಐದಕ್ಕೆ ಏರುವುದನ್ನೂ ನಾನು ಮತ್ತೆ ಮತ್ತೆ ಕಂಡಿದ್ದೇನೆ. ಹಾಗೆ ಏರಿದವುಗಳೇ ನನ್ನ ಮೆಚ್ಚಿನ ಪುಸ್ತಕಗಳು.

ಹಂತ 7: ಬಿಟ್ಟ ಪುಸ್ತಕಕ್ಕೂ ಹಾಳೆ

ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಅವರ ಸೂತ್ರ ಹೆಸರಾದದ್ದು: 50 ಪುಟ ಓದಿ, ಹಿಡಿಸದಿದ್ದರೆ ಬಿಡಿ. ವಯಸ್ಸು 50 ದಾಟಿದ್ದರೆ ನೂರರಿಂದ ವಯಸ್ಸನ್ನು ಕಳೆದು ಉಳಿದಷ್ಟು ಪುಟ ಓದಿದರೆ ಸಾಕು. ಬಿಟ್ಟ ಪುಟ, ಬಿಟ್ಟ ಕಾರಣ, ಅಲ್ಲಿಯವರೆಗಿನ ಊಹೆ, ಮೂರನ್ನೂ ಬರೆಯಿರಿ. ಮೂರು ಪುಸ್ತಕಗಳನ್ನು ಒಂದೇ ಕಾರಣಕ್ಕೆ ಬಿಟ್ಟಿದ್ದರೆ ನಾಲ್ಕನೆಯದನ್ನು ಆರಿಸುವಾಗ ಅನುಕೂಲ.

ಹಂತ 8: ಸರಣಿಗಳು

ಫ್ಯಾಂಟಸಿಯ ಏಳು ಭಾಗ, ಪತ್ತೇದಾರನೊಬ್ಬನ ಇಪ್ಪತ್ತು ಪ್ರಕರಣ, ಇವಕ್ಕೆ ಒಂದು ಹಾಳೆ ಸಾಲದು. ನೋಟ್‌ಬುಕ್‌ನ ಹಿಂಭಾಗದಲ್ಲಿ ಸರಣಿಗೊಂದು ಪುಟ ಇಟ್ಟುಕೊಂಡು ಎರಡು ಸಾಲು ಕ್ರಮ ಬರೆಯಿರಿ: ಪ್ರಕಟವಾದ ಕ್ರಮ, ಕಥೆಯೊಳಗಿನ ಕಾಲಕ್ರಮ. ಎರಡೂ ಬೇರೆಯಾದರೆ ಮೊದಲ ಓದಿಗೆ ಪ್ರಕಟಣೆಯ ಕ್ರಮವೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪೂರ್ವಕಥೆಯನ್ನು ಲೇಖಕರು ಆಮೇಲೆ ಬರೆದಿರುವುದು, ಹಿಂದಿನದನ್ನು ಓದಿದವರಿಗೆಂದು.

ಒಂದು ಭಾಗ ಮುಗಿದು ಮುಂದಿನದು ತಿಂಗಳುಗಟ್ಟಲೆ ತಡವಾಗುವುದಾದರೆ ಹತ್ತು ಸಾಲಿನ ಜ್ಞಾಪಕ ಬರೆದಿಡಿ: ಯಾರು ಬದುಕಿದ್ದಾರೆ, ಯಾರು ಎಲ್ಲಿದ್ದಾರೆ, ಯಾರಿಗೆ ಯಾವ ಗುಟ್ಟು ಗೊತ್ತು, ಯಾವ ಮಾತು ತೀರಿಲ್ಲ. "ಯಾರಿಗೆ ಯಾವ ಗುಟ್ಟು ಗೊತ್ತು" ಎಂಬುದೇ ಮೊದಲು ಮರೆಯುವುದು, ಮುಂದಿನ ಭಾಗ ನಿಂತಿರುವುದೂ ಅದರ ಮೇಲೆಯೇ.

ಹಂತ 9: ಸೂಚಿ

ದಾರ್ಶನಿಕ ಜಾನ್ ಲಾಕ್ ತಮ್ಮ ಟಿಪ್ಪಣಿ ಪುಸ್ತಕಗಳಿಗೆ ಸೂಚಿ ಮಾಡುವ ವಿಧಾನವೊಂದನ್ನು 1686ರಲ್ಲಿ ಪ್ರಕಟಿಸಿದ್ದರು. ವಿಷಯದ ಮೊದಲ ಅಕ್ಷರ ಮತ್ತು ಅದರ ನಂತರ ಬರುವ ಮೊದಲ ಸ್ವರ, ಈ ಜೋಡಿಯ ಕೆಳಗೆ ಪುಟಸಂಖ್ಯೆ. ಟಿಪ್ಪಣಿಗಳನ್ನು ಯಾವ ಕ್ರಮದಲ್ಲಿ ಬರೆದರೂ ಎರಡು ಪುಟದ ಸೂಚಿಯಲ್ಲಿ ಎಲ್ಲ ಸಿಗುತ್ತದೆ. ನಮ್ಮ ಲಿಪಿಗೆ ಇದು ಇನ್ನೂ ಸಲೀಸು, ಗುಣಿತಾಕ್ಷರದಲ್ಲಿ ವ್ಯಂಜನವೂ ಸ್ವರವೂ ಒಟ್ಟಿಗೇ ಇವೆ. 'ಕಾಲಪಯಣ' ಕಾ ಕೆಳಗೆ, 'ಮುಚ್ಚಿದ ಕೋಣೆ' ಮು ಕೆಳಗೆ, 'ಗಡಿಯಾರ' ಗ ಕೆಳಗೆ.

ಸೂಚಿಯಲ್ಲಿ ಇಪ್ಪತ್ತು ಇಪ್ಪತ್ತೈದು ಪದ ಮೀರದಿರಲಿ. ಒಂದು ಎಚ್ಚರಿಕೆ: ಕೆಲವು ಪದಗಳು ತಾವೇ ಗುಟ್ಟು ಒಡೆಯುತ್ತವೆ. ಪುಸ್ತಕದ ಹೆಸರಿನ ಎದುರು 'ಸುಳ್ಳು ಹೇಳುವ ನಿರೂಪಕ' ಎಂದು ಬರೆದರೆ ಕಥೆ ಮುಗಿದಂತೆ. ಅಂಥವಕ್ಕೆ ಪುಟಸಂಖ್ಯೆ ಮಾತ್ರ ಕೊಡಿ, ಪುಸ್ತಕದ ಹೆಸರು ಬೇಡ.

ಹಂತ 10: ತಿಂಗಳಿಗೆ ಕಾಲು ಗಂಟೆ

ತಿಂಗಳ ಕೊನೆಯ ದಿನ ಸೂಚಿ ತುಂಬಿ, 30 ದಿನ ಕಳೆದ ಪುಸ್ತಕಗಳಿಗೆ ಎರಡನೇ ಅಂಕ ಕೊಡಿ. ಅಷ್ಟೇ ಕೆಲಸ.

ನಡುವೆ ಬರೆಯಲಾಗದ ವಾರಗಳು ಬರುತ್ತವೆ. ಆಗ ಓದಿದ್ದನ್ನು ಆಮೇಲೆ ಕೂತು ಊಹೆಯ ಸಮೇತ ತುಂಬಿಸಲು ಹೋಗಬೇಡಿ, ಅದು ಸುಳ್ಳು ದಾಖಲೆಯಾಗುತ್ತದೆ. ಹೆಸರು ಬರೆದು, ಊಹೆಯ ಜಾಗದಲ್ಲಿ ಅಡ್ಡಗೆರೆ ಎಳೆದು ಮುಂದೆ ಹೋಗಿ. ಓದೇ ನಿಂತುಹೋದರೆ ಸಣ್ಣಕಥೆಗಳ ಒಂದು ಸಂಕಲನ ಹಿಡಿಯಿರಿ, ಕಥೆಗೊಂದೇ ನಿಲುಗಡೆ, ಒಂದೇ ಸಾಲಿನ ಊಹೆ.

ಹಂತ 11: ವರ್ಷದ ಕೊನೆಯ ಲೆಕ್ಕ

ಇದಕ್ಕೆ ಒಂದು ಪೂರ್ತಿ ಮಧ್ಯಾಹ್ನ ಇಟ್ಟುಕೊಳ್ಳಿ. ಮೊದಲು ಹಾಳೆಗಳ ಮುಂದಿನ ಮಗ್ಗುಲನ್ನಷ್ಟೇ ಓದುತ್ತಾ ಹೋಗಿ, ಹಿಂದಿನದನ್ನು ತಿರುಗಿಸಬೇಡಿ. ಎಷ್ಟು ಪುಸ್ತಕಗಳ ಕೊನೆ ನೆನಪಿದೆ ಎಂದು ಗುರುತು ಹಾಕಿಕೊಂಡು ಆಮೇಲೆ ತಿರುಗಿಸಿ.

ನಂತರ ನಂಬಿಕೆಯ ಅಂಕಗಳನ್ನು ಗುಂಪು ಮಾಡಿ. 7 ಮತ್ತು ಅದಕ್ಕಿಂತ ಹೆಚ್ಚು ನಂಬಿಕೆ ಇಟ್ಟಿದ್ದ ಊಹೆಗಳಲ್ಲಿ ಎಷ್ಟು ನಿಜವಾದವು? ಹತ್ತಕ್ಕೆ ಏಳರ ಹತ್ತಿರ ಇದ್ದರೆ ನಿಮ್ಮ ಅಂದಾಜು ಹದವಾಗಿದೆ. ಮೂರೋ ನಾಲ್ಕೋ ಇದ್ದರೆ ಲೇಖಕರು ನಿಮ್ಮನ್ನು ಚೆನ್ನಾಗಿ ಆಡಿಸಿದ್ದಾರೆ. ಹತ್ತಕ್ಕೆ ಹತ್ತೂ ಸರಿಯಾಗಿದ್ದರೆ ಆ ಪ್ರಕಾರದ ಸುಲಭದ ಪುಸ್ತಕಗಳನ್ನೇ ಓದುತ್ತಿದ್ದೀರಿ, ಮುಂದಿನ ವರ್ಷ ಕಷ್ಟದವನ್ನು ಹುಡುಕಿ. ತಪ್ಪಿದ ಊಹೆಗಳ ಕಾರಣಗಳನ್ನು ಒಂದರ ಕೆಳಗೊಂದು ಬರೆಯಿರಿ, ಒಂದೇ ಕಾರಣ ಎಷ್ಟು ಸಲ ಬಂದಿದೆ ಎಣಿಸಿ. ನನ್ನ ಗಡಿಯಾರ ಸಿಕ್ಕಿದ್ದು ಹೀಗೆ.

ಕೊನೆಗೆ ಹೊಸ ನೋಟ್‌ಬುಕ್ ತೆಗೆದು, ಲೆಕ್ಕದ ಪುಸ್ತಕದಲ್ಲಿ ಮಾಡುವಂತೆ ಮೊದಲ ಪುಟಕ್ಕೆ ಆರಂಭದ ಶಿಲ್ಕು ತನ್ನಿ: ಅರ್ಧಕ್ಕೆ ನಿಂತ ಸರಣಿಗಳ ಜ್ಞಾಪಕ, 30 ದಿನ ಇನ್ನೂ ತುಂಬದ ಪುಸ್ತಕಗಳು, ಮತ್ತೆ ಓದಬೇಕಾದ ಎರಡು ಮೂರು ಹೆಸರು, ಉತ್ತರ ಬಾರದ ಊಹೆಗಳು. ನನ್ನ ಈ ವರ್ಷದ ಶಿಲ್ಕಿನ ಮೊದಲ ಸಾಲು ಒಂದು ಫ್ಯಾಂಟಸಿ ಸರಣಿಯದು, ನಾಲ್ಕನೇ ಭಾಗ ಇನ್ನೂ ಓದಬೇಕು: "ದೋಣಿಯವನು ಸತ್ತಿಲ್ಲ. ಮೂರನೇ ಭಾಗ, ಪು. 288, ಹುಟ್ಟು ಒದ್ದೆಯಾಗಿತ್ತು. 8/10."